ಶ್ರೀಶೈಲ ಪಾದಯಾತ್ರಾಕ ಹೊಲಿಸಿದ ಚೀಲ, ಹುಬ್ಬಳ್ಳಿ ದುರ್ಗದ ಬೈಲ್ ಹಿಂದಿನ ಟೇಲರ್ ಅಂಗಡಿ: 16 ದಿನ ಹೊತ್ತು ನೋಡಿ ಬರದದ್ದು

ಮೊದಲ ಹೇಳಿಬಿಡ್ತೇನಿ, ಚೀಲ ಭಾಳ ಚಲೋ ಐತಿ, ಪಾದಯಾತ್ರಾಕ ಹೋಗವರಿದ್ರ ಹೊಲಿಸ್ರಿ. ಆದ್ರ ಅಂಗಡಿಗೆ ಹೋಗೂಕಿಂತ ಮೊದಲ ಇದನ್ನ ಪೂರಾ ಓದ್ರಿ, ಯಾಕಂದ್ರ ಇಲ್ಲೆ ನೀವು ಕೇಳಿದ ಸೈಜಿನ ಚೀಲ ಹೊಲದು ಕೊಡಂಗಿಲ್ಲ, ಅವರು ಅಳತಿ ತಗೊಳ್ಳೂದು ನಿಮ್ಮ ಬೆನ್ನಿಂದು ಮತ್ತ ನಿಮ್ಮ ಸಾಮಾನಿಂದು, ಸಾಮಾನು ಜಾಸ್ತಿ ಆತು ಅನಸಿದ್ರ ಅದನ್ನ ವಾಪಸ್ ಮನಿಗೆ ಕಳಸ್ತಾರ. ಇದಕ್ಕ ಕೆಲವರು ಸಿಟ್ಟಾಗಿ ಎದ್ದು ಹೋಗಿದ್ದು ನಾ ಅಲ್ಲೇ ಕುಂತು ನೋಡೇನಿ. ನನಗೂ ಮೊದಲನೇ ದಿನ ಸಿಟ್ಟು ಬಂದಿತ್ತು.

ನಮ್ಮದು ಹಳೇ ಹುಬ್ಬಳ್ಳಿ. ನಮ್ಮ ಓಣಿಯಿಂದ ಪ್ರತಿ ವರ್ಷ ಯುಗಾದಿಗೆ ಮುಟ್ಟೂಹಂಗ ಶ್ರೀಶೈಲಕ್ಕ ನಡಕೊಂತ ಹೋಗ್ತಾರ, ಅಣ್ಣಿಗೇರಿ, ಗದಗ, ಕೊಪ್ಪಳ, ಗಂಗಾವತಿ, ಸಿರುಗುಪ್ಪ, ಆಮ್ಯಾಲ ಆಂಧ್ರದಾಗ ಆದೋನಿ, ಎಮ್ಮಿಗನೂರು, ಕರ್ನೂಲು, ಆತ್ಮಕೂರು, ಅಲ್ಲಿಂದ ನಲ್ಲಮಲ ಅಡವಿ. ಹತ್ರಹತ್ರ 450 ಕಿಲೋಮೀಟರ್, ನಮ್ಮ ಮಂದಿ 16 ದಿನದಾಗ ಮುಟ್ಟತಾರ. ಸಂಗಾಟ ಒಂದು ಟ್ರ್ಯಾಕ್ಟರ್ ಇರತೈತಿ, ಹಾಸಿಗಿ, ರೇಷನ್, ಪಾತ್ರಿ ಎಲ್ಲಾ ಅದರಾಗ. ಹಂಗಾರ ಚೀಲದ ಚಿಂತಿ ಯಾಕಂತ ಕೇಳಬಹುದು. ಆತ್ಮಕೂರು ದಾಟಿ ವೆಂಕಟಾಪುರದ ಹತ್ರ ಅಡವಿ ಹೊಕ್ಕ ಮ್ಯಾಲ ಟ್ರ್ಯಾಕ್ಟರ್ ಬರಂಗಿಲ್ಲ, ಅದು ದೋರ್ನಾಲ ಮ್ಯಾಲ ಸುತ್ತುಹಾಕಿ ಶ್ರೀಶೈಲಕ್ಕ ಹೋಗತೈತಿ, ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳನು, ಕೈಲಾಸದ್ವಾರ ಇಷ್ಟೂ ದಾರಿಗೆ ನಮ್ಮ ಬೆನ್ನ ಮ್ಯಾಲ ಏನೈತೋ ಅದ ನಮ್ಮ ಮನಿ. ಅದೂ ಅಲ್ದ ಟ್ರ್ಯಾಕ್ಟರ್ ಅಂತೂ ನಾವು ನಡಿಯೂವಾಗ ಬಾಜೂಕ ಇರಂಗಿಲ್ಲ, ಮುಂದಿನ ಮುಕ್ಕಾಮಿಗೆ ಹೋಗಿ ನಿಂತಿರತೈತಿ, ದಾರ್ಯಾಗ ಕಾಲು ಬೊಬ್ಬಿ ಎದ್ರ, ಗುಳಿಗಿ ಬೇಕಾದ್ರ, ಎಲ್ಲಾ ನಿಮ್ಮ ಹತ್ರನ ಇರಬೇಕು.

ಮೂರು ವರ್ಷದ ಹಿಂದ ಮೊದಲನೇ ಸಲ ಹೋದಾಗ ಆನ್‌ಲೈನ್‌ನಾಗ ಒಂದು ದೊಡ್ಡ ಟ್ರೆಕ್ಕಿಂಗ್ ಬ್ಯಾಗ್ ತರಿಸಿದ್ದೆ, 60 ಲೀಟರಿಂದು, ಕಂಪನಿ ಹೆಸರು ಇಲ್ಲೆ ಬ್ಯಾಡ. ಜಾಗಾ ಐತಿ ಅಂತ ತುಂಬಿದೆ, ತುಂಬಿದೆ, 9 ಕೆಜಿ ಆತು. ನನ್ನ ತೂಕ 56. ನಮ್ಮ ತೂಕದ ಹತ್ತರಾಗ ಒಂದು ಪಾಲಿಗಿಂತ ಜಾಸ್ತಿ ಹೊತ್ತು ದಿನಾ ನಡಿಬಾರದು ಅಂತ ಆಮ್ಯಾಲ ಗೊತ್ತಾತು, ಆ ಲೆಕ್ಕದಾಗ ನನಗ ಐದೂವರಿ ಕೆಜಿ ಮಿತಿ. ಅಣ್ಣಿಗೇರಿ ಮುಟ್ಟೂದ್ರಾಗ ಎಡಗಡಿ ಪಟ್ಟಿ ಹೊಲಿಗಿ ಬಿಚ್ಚಿತು, ಗದಗದಾಗ ಹೆಗಲು ಬಾತು ಕೈ ಎತ್ತಾಕ ಬರಲಿಲ್ಲ. ಚೀಲ ಟ್ರ್ಯಾಕ್ಟರಿಗೆ ಹಾಕಿ ನಡದೆ. ಅಡವ್ಯಾಗ ಅದನ್ನ ಹೊತ್ತವರು ನಮ್ಮ ಓಣಿಯ ಇಬ್ಬರು ಹುಡುಗರು, ಪಾಳಿ ಮ್ಯಾಲ. ಅವರು ಒಂದು ಮಾತು ಅನಲಿಲ್ಲ, ಆದ್ರ ಭೀಮುನಿ ಕೊಳನಿನ ಮೆಟ್ಟಲದಾಗ ಅವರು ನಿಂತು ನಿಂತು ಉಸರು ತಗೊಳ್ಳೂದು ನೋಡಿ ನನಗ ಕಣ್ಣಾಗ ನೀರು ಬಂತು. ಮಲ್ಲಯ್ಯನ ಹತ್ರ ಹೋಗಾಕ ಇನ್ನೊಬ್ಬರ ಬೆನ್ನ ಮ್ಯಾಲ ನನ್ನ ಭಾರ ಹಾಕೇನಿ ಅನ್ನೂದು ದರ್ಶನ ಆದಮ್ಯಾಲೂ ಮನಸಿನಿಂದ ಹೋಗಲಿಲ್ಲ.

ಹಿಂಗಾಗಿ ಈ ಸಲ ಈ ಅಂಗಡಿ. ದುರ್ಗದ ಬೈಲ್‌ನಾಗ ತಿನ್ನೂ ಗಾಡಿ ನಿಲ್ಲತಾವಲ್ಲ, ಅದರ ಹಿಂದಿನ ಸಣ್ಣ ಗಲ್ಲಿ, ಬೋರ್ಡ್ ಇಲ್ಲ, ಕಟ್ಟಿ ಮ್ಯಾಲ ಒಂದು ಹೊಲಿಗಿ ಮಷಿನ್. ದಿನಾ ಸಾಲಿ ಬ್ಯಾಗಿನ ಝಿಪ್ ಹಾಕೂದು, ತಾಡಪಾಲ ಹೊಲಿಯೂದು, ಜಂಗಮರಿಗೆ ಜೋಳಿಗಿ ಹೊಲಿಯೂದು. ನಡಸೂ ಅಜ್ಜಾರು ಸ್ವತಃ ಭಾಳ ಸಲ ಶ್ರೀಶೈಲಕ್ಕ ನಡದವರು. ನಾ ಹೋಗಿ ದೊಡ್ಡ ಚೀಲ ಬೇಕು ಅಂದೆ. ಅವರು ತಲಿ ಎತ್ತಲಿಲ್ಲ, "ಏನೇನು ಒಯ್ತೀರಿ ಎಲ್ಲಾ ತಂದು ಇಲ್ಲೆ ಸುರೀರಿ, ಆಮ್ಯಾಲ ಅಳತಿ" ಅಂದ್ರು. ಮರುದಿನ ಎರಡು ಕೈಚೀಲ ತುಂಬ ಒಯ್ದೆ. ಚಾಪಿ ಮ್ಯಾಲ ಒಂದೊಂದ ಇಟ್ಟು, ಮ್ಯಾಲ ತೂಗ ಹಾಕಿದ್ದ ಕಾಂಟಾಕ್ಕ ಸಿಗಿಸಿ ತೂಕ ಹೇಳ್ತಾ ಹೋದ್ರು, ಪ್ರತಿ ಸಾಮಾನಿಗೂ ಒಂದ ಪ್ರಶ್ನಿ, "ಇದು ದಾರ್ಯಾಗ ಸಿಗತೈತೋ ಇಲ್ಲೋ?"

40 ಕಟಕ ರೊಟ್ಟಿ ಕಟ್ಟಿದ್ದೆ. ಸಿಗತೈತಿ. ದಾರಿ ತುಂಬ ದಾಸೋಹ, ಹಳ್ಳಿ ಹಳ್ಳ್ಯಾಗ ಟೆಂಟ್ ಹಾಕಿ ರೊಟ್ಟಿ, ಪಲ್ಯ, ಮಜ್ಜಿಗಿ, ಕಲ್ಲಂಗಡಿ ಹಣ್ಣು ಕೊಡ್ತಾರ, ಬ್ಯಾಡ ಅಂದ್ರ ಅವರಿಗೆ ಬ್ಯಾಸರ ಆಗತೈತಿ, ಕಾಲಿಗೆ ಎಣ್ಣಿ ಹಚ್ಚಿ ತಿಕ್ಕತಾರ. ನಾವು ಮನಿಯಿಂದ ರೊಟ್ಟಿ ಹೊತ್ತು ಹೋದ್ರ ಅವರ ಸೇವಾ ತಗೊಳ್ಳಾಕ ಹೊಟ್ಟ್ಯಾಗ ಜಾಗಾ ಎಲ್ಲಿರಬೇಕು. ಸ್ಟೀಲ್ ಡಬ್ಬಿ, ಸಿಗತೈತಿ. ಸಾಬಾಣಿನ ದೊಡ್ಡ ಗಟ್ಟಿ, ಅರ್ಧ ಕೊಯ್ರಿ. ನಾಕು ಸೀರಿ ಇದ್ವು, ಉಟ್ಟದ್ದೊಂದು ಚೀಲದಾಗೊಂದು ಸಾಕು, ಅದೂ ನೈಲಾನ್ ಇರ್ಲಿ, ಒಣಗಾಕ ತಾಸು ಸಾಕು, ದಪ್ಪ ಕಾಟನ್ ಸೀರಿ ಹಸಿ ಇದ್ರ ಅದರ ಭಾರಾನೂ ನೀವ ಹೊರಬೇಕು ಅಂದ್ರು. ಕೊನಿಗೆ ಸಿಗಲಾರದ್ದು ಏನೈತಿ ಅಂತ ನಾನ ಕೇಳಿದೆ. ಅದಕ್ಕ ಅಜ್ಜಾರು, "ನಿಮ್ಮ ಕಾಲಿನ ಚಪ್ಪಲಿ, ನಿಮ್ಮ ಚಷ್ಮಾ, ನಿಮ್ಮ ಗುಳಿಗಿ, ನಿಮ್ಮ ಲಿಂಗ, ಈ ನಾಕು ಎಲ್ಲೂ ಸಿಗಂಗಿಲ್ಲ, ಅವನ್ನ ಮೊದಲ ಇಡ್ರಿ" ಅಂದ್ರು. ಈ ಒಂದು ಮಾತಿಗೆ ನಾ ಬೇಕಾದ್ರ ಚೀಲದ ರೊಕ್ಕ ಎರಡು ಸಲ ಕೊಡ್ತಿದ್ದೆ.

ಒಂದರ ಮ್ಯಾಲ ಮಾತ್ರ ಇಬ್ಬರಿಗೂ ಜಗಳ ಆಗೂವಷ್ಟು ಆತು. ನಮ್ಮತ್ತಿ ಹೊಲದ ಕೌದಿ. ಅವರು ತೀರಿಕೊಂಡು ಎರಡು ವರ್ಷ ಆತು, ಕೊನಿತನಕ ಶ್ರೀಶೈಲಕ್ಕ ನಡದು ಹೋಗೂ ಆಸೆ ಇತ್ತು, ಮೊಣಕಾಲು ಬಿಡಲಿಲ್ಲ. ಅದನ್ನ ಒಯ್ಯಬೇಕು ಅಂತ ನನ್ನ ಹಟ. ತೂಕ 2 ಕೆಜಿ 300 ಗ್ರಾಂ. ಅಜ್ಜಾರು ಸುಮ್ಮನ ಕುಂತ್ರು, ಆಮ್ಯಾಲ "ಅವರ ಹಳೇ ಸೀರಿ ಯಾವುದರ ಐತೇನು?" ಅಂದ್ರು. ಇಳಕಲ್ ಸೀರಿ ಒಂದು ಅಂಚು ಹರದದ್ದಿತ್ತು, ಒಯ್ದು ಕೊಟ್ಟೆ. ಅದನ್ನ ನಾಕು ಪದರು ಮಡಚಿ, ಕೌದಿ ಹೊಲಿದಂಗ ಕೈಯಿಂದ ಸಾಲಾಗಿ ದಾರ ಓಡಿಸಿ, ಚೀಲದ ಬೆನ್ನಿಗೆ ತಾಗೂ ಕಡೆ ಹಚ್ಚಿ ಕೊಟ್ರು. ಬೆವರು ಹೀರತೈತಿ, ಒಳಗಿನ ಡಬ್ಬಿ ಗಿಬ್ಬಿ ಬೆನ್ನಿಗೆ ಒತ್ತಂಗಿಲ್ಲ, ಮತ್ತ ನಮ್ಮತ್ತಿ ಅಷ್ಟೂ ದಾರಿ ನನ್ನ ಬೆನ್ನಿಗೆ ಹತ್ತಿ ಬಂದ್ರು. ಎಷ್ಟು ದೊಡ್ಡ ಕಂಪನಿ ಚೀಲದಾಗ ಇದು ಸಿಗಬೇಕು ಹೇಳ್ರಿ.

ಈಗ ಚೀಲದ ವಿಷಯ ಸರಿಯಾಗಿ. ಖಾಕಿ ಬಣ್ಣದ ದಪ್ಪ ಕ್ಯಾನ್ವಾಸ್. ಎತ್ತರ 18 ಇಂಚು, ಅಗಲ 12, ದಪ್ಪ 6, ಲೀಟರ್ ಲೆಕ್ಕದಾಗ 20ರ ಆಜುಬಾಜು. ಖಾಲಿ ತೂಕ 550 ಗ್ರಾಂ. ಹೆಗಲ ಪಟ್ಟಿ ಮಂಚಕ್ಕ ಹೆಣಿಯೂ ನವಾರ ಪಟ್ಟಿದು, ಮೂರು ಇಂಚು ಅಗಲ, ಇದು ಭಾಳ ಶಾಣ್ಯಾತನದ ಕೆಲಸ, ಸಣ್ಣ ಪಟ್ಟಿ ಹಂಗ ಹೆಗಲ ಕೊಯ್ಯಂಗಿಲ್ಲ. ಟೊಂಕಕ್ಕ ಇನ್ನೊಂದು ಪಟ್ಟಿ ಐತಿ, ಅದನ್ನ ಬಿಗಿ ಕಟ್ಟಿದ್ರ ಅರ್ಧ ಭಾರ ಟೊಂಕದ ಮ್ಯಾಲ ಕುಂದರತೈತಿ, ಹೆಗಲು ಹಗುರ ಆಗತೈತಿ. ಬಾಯಿಗೆ ಝಿಪ್ ಇಲ್ಲ, ಲಾಡಿ, ಮ್ಯಾಲ ಒಂದು ಮುಚ್ಚಳ. ಝಿಪ್ ಯಾಕಿಲ್ಲ ಅಂದ್ರ ದಾರಿ ಧೂಳಕ್ಕ ಝಿಪ್ ಹಿಡಕೊಂಡು ನಿಲ್ಲತಾವು, ಲಾಡಿ ಹರದ್ರ ದಾರಿ ಮ್ಯಾಲಿನ ಯಾವ ಅಂಗಡ್ಯಾಗರ ಎರಡು ರೂಪಾಯಿ ದಾರ ಸಿಗತೈತಿ ಅಂತ ಅಜ್ಜಾರ ಲೆಕ್ಕ.

ಅದರಾಗ ನಾ ಇಟ್ಟದ್ದು: ನೈಲಾನ್ ಸೀರಿ, ಒಳಗಿನ ಬಟ್ಟಿ ಎರಡು ಜೋಡಿ, ತೆಳ್ಳನ ಪಂಜಿ, ಕಾಟನ್ ಕಾಲಚೀಲ ಮೂರು ಜೋಡಿ, ಪ್ಯಾಡ್, ಬಿಪಿ ಗುಳಿಗಿ, ವ್ಯಾಸಲೀನ್ ಸಣ್ಣ ಡಬ್ಬಿ, ಸೂಜಿ ದಾರ, ಓಆರ್‌ಎಸ್ 6 ಪಾಕೀಟು (ಒಂದೊಂದು 21 ಗ್ರಾಂ, ಒಂದು ಲೀಟರ್ ನೀರಿಗೆ ಪೂರಾ ಒಂದು ಪಾಕೀಟು ಹಾಕಬೇಕು, ಅರ್ಧ ಹಾಕಿ ಕುಡದವರು ನಮ್ಮ ಗುಂಪಿನ್ಯಾಗ ಇದ್ರು, ಹಂಗ ಮಾಡಬ್ಯಾಡ್ರಿ), ವಿಭೂತಿ ಗಟ್ಟಿ, ಟಾರ್ಚ್, ಚಾರ್ಜರ್, ಆಧಾರ್ ಕಾರ್ಡ್, 100 ಗ್ರಾಂ ಶೇಂಗಾ ಚಟ್ನಿಪುಡಿ, ಸ್ವಲ್ಪ ಶೇಂಗಾ ಬೆಲ್ಲ. ಭ್ರಮರಾಂಬಾಗ ಉಡಿ ತುಂಬೂದು ಇರತೈತಲ್ಲ, ನಮ್ಮ ಕಡೆ ಅಕೀನ್ನ ಮನಿಮಗಳು ಅಂತಾರ, ಬರೇ ಕೈಲೆ ಹೋಗಾಕ ಮನಸು ಬರಂಗಿಲ್ಲ, ಅದಕ್ಕ ಒಂದು ಗುಳೇದಗುಡ್ಡ ಕಣ (ಜಂಪರ್ ಬಟ್ಟಿ) ಮಡಚಿ ಇಟ್ಟೆ, ತೆಂಗಿನಕಾಯಿ ಅಕ್ಕಿ ಎಲ್ಲಾ ಅಲ್ಲೇ ತಗೊಂಡೆ. ಎಲ್ಲಾ ಸೇರಿ ಚೀಲದ ಸಮೇತ 3 ಕೆಜಿ 400. ಮ್ಯಾಲ ಒಂದು ಲೀಟರ್ ನೀರು ಅಂದ್ರ ಇನ್ನೊಂದು ಕೆಜಿ. ಅಡವ್ಯಾಗ ಎರಡು ಲೀಟರ್ ತುಂಬಿದಾಗ ಸುದ್ದಾ ಐದೂವರಿ ದಾಟಲಿಲ್ಲ.

ಇನ್ನೊಂದು ಸಾಮಾನು ಹೇಳೂದು ಬಿಟ್ಟಿದ್ದೆ, ಒಂದು ಹಳೇ ತೆಳ್ಳನ ಕಾಟನ್ ಸೀರಿ, ತೊಳದು ತೊಳದು ಮಲ್ ಬಟ್ಟಿಹಂಗ ಆದದ್ದು. ಅಕ್ಕಗೋಳಿಗೆ ಇದನ್ನ ಒತ್ತಿ ಹೇಳ್ತೇನಿ. ಹಾಸಿಗಿನೂ ಅದ, ಹೊದಿಕಿನೂ ಅದ, ಮಧ್ಯಾಹ್ನ ಎರಡು ಗಿಡಕ್ಕ ಕಟ್ಟಿದ್ರ ನೆಳ್ಳು, ಜಳಕ ಮಾಡಿ ಬಟ್ಟಿ ಬದಲಿ ಮಾಡೂವಾಗ ಇಬ್ಬರು ಹಿಡದ್ರ ಗ್ವಾಡಿ, ಬಿಸಲಾಗ ಹಸಿ ಮಾಡಿ ತಲಿಮ್ಯಾಲ ಹಾಕ್ಕೊಂಡ್ರ ತಂಪು. ಸ್ಲೀಪಿಂಗ್ ಬ್ಯಾಗ್ ಹೊತ್ತು ಬಂದ ಒಬ್ಬರು ಕರ್ನೂಲಿನ ಸೆಖ್ಯಾಗ ಅದನ್ನ ಒಂದು ರಾತ್ರಿನೂ ಬಿಚ್ಚಲಿಲ್ಲ.

ಚಪ್ಪಲಿ ವಿಷಯ ಚೀಲಕ್ಕ ಸಂಬಂಧ ಇಲ್ಲ ಆದ್ರೂ ಹೇಳ್ತೇನಿ, ಹೊಸಾವು ಹಾಕ್ಕೊಂಡು ಹೊಂಡಬ್ಯಾಡ್ರಿ, ಎರಡು ತಿಂಗಳು ಹಾಕಿ ಮೆತ್ತಗ ಆದದ್ದ ಇರ್ಲಿ. ಬೆಳಿಗ್ಗೆ ಕಾಲಬೆರಳ ಸಂದ್ಯಾಗ ವ್ಯಾಸಲೀನ್ ಹಚ್ಚಿ ಕಾಲಚೀಲ ಹಾಕಿ ನಡದ್ರ ಬೊಬ್ಬಿ ಭಾಳ ಕಡಿಮಿ. ಬರಿಗಾಲಿಲೆ ಕಂಬಿ (ಹೆಗಲ ಮ್ಯಾಲ ಹೊರೂ ದೇವರ ಕೋಲು) ಹೊತ್ತು ಹೋಗವರು ನಮ್ಮನ್ನ ದಾಟಿ ಹೋಗ್ತಿದ್ರು, ಅವರ ಹಾದಿ ಬ್ಯಾರೆ, ಅವರ ಕಾಲು ಬ್ಯಾರೆ, ನೋಡಿ ಕೈ ಮುಗದೆ ಅಷ್ಟ.

ಕೊರತಿ ಏನಾವು ಅವನ್ನೂ ಹೇಳಬೇಕು. ಮೊದಲನೇ ಎರಡು ದಿನ ಬೆವರಿಗೆ ಕ್ಯಾನ್ವಾಸಿನ ಬಣ್ಣ ಬಿಟ್ಟು ಜಂಪರ್ ಮ್ಯಾಲ ಕಲಿ ಬಿತ್ತು, ಹೊಂಡೂಕಿಂತ ಮೊದಲ ನೀರಾಗ ನೆನಸಿ, ತೊಳದು ಒಣಗಿಸ್ರಿ. ಸಿರುಗುಪ್ಪ ಹತ್ರ ಅವಕಾಳಿ ಮಳಿ ಬಂತು, ಅರ್ಧ ತಾಸಿನ್ಯಾಗ ಒಳಗಿನ ಬಟ್ಟಿತನಕ ನೀರು ಇಳೀತು, ಕ್ಯಾನ್ವಾಸ್ ಒಣಗಾಕ ಒಂದು ದಿನ ಪೂರಾ ಬೇಕಾತು, ಒಳಗ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರಾಗ ಬಟ್ಟಿ ಇಡೂದು ಕಡ್ಡಾಯ (ಅದನ್ನ ಅಡವ್ಯಾಗ ಬಿಟ್ಟು ಬರಬ್ಯಾಡ್ರಿ, ಅಲ್ಲಿ ಹುಲಿ ಕಾಡು, ಮೂಕ ಪ್ರಾಣಿಗೋಳು ತಿಂದು ಸಾಯ್ತಾವು). ನವಾರ ಹಸಿ ಆದ್ರ ಜಗ್ಗತೈತಿ, ಆವತ್ತು ಮೂರು ಸಲ ಗಂಟು ಬಿಗಿ ಮಾಡಿದೆ. ಎಲ್ಲಾಕಿಂತ ದೊಡ್ಡ ಕೊರತಿ, ಬಾಜೂಕ ಬಾಟಲಿ ಇಡಾಕ ಕಿಸೆ ಇರಲಿಲ್ಲ. ನೀರು ಕುಡ್ಯಾಕ ಪ್ರತಿ ಸಲ ಚೀಲ ಇಳಸಬೇಕು, ಇಳಸೂದು ಬ್ಯಾಸರಂತ ನೀರು ಕುಡಿಯೂದ ಕಡಿಮಿ ಆಗತೈತಿ, ಇದು ಆ ಬಿಸಲಾಗ ಖರೇನ ಅಪಾಯ. ಆದೋನಿ ಹತ್ರ ಒಬ್ಬ ಮೋಚಿ ಹತ್ರ 40 ರೂಪಾಯಿ ಕೊಟ್ಟು ಕಿಸೆ ಹಚ್ಚಿಸಿದೆ. ವಾಪಸ್ ಬಂದು ಅಜ್ಜಾರಿಗೆ ತೋರಿಸಿದೆ, ಕನ್ನಡಕ ಏರಿಸಿ ನೋಡಿದ್ರು, ಹೊಲಿಗಿ ಚಲೋ ಹಾಕ್ಯಾನ ಅಂದ್ರು, ಈಗ ಹೊಸಾ ಚೀಲಕ್ಕ ಅವರ ಎರಡೂ ಕಡೆ ಕಿಸೆ ಹಚ್ಚಿ ಕೊಡಾಕತ್ತಾರ.

ಭೀಮುನಿ ಕೊಳನಿನ ಮೆಟ್ಟಲ ಈ ಸಲ ನಾನ ಇಳದು ನಾನ ಹತ್ತಿದೆ. ಬಿಸಲು ಕಾದಿತ್ತು, ಕೆಳಗ ಇಳದು ಮತ್ತ ಕೈಲಾಸದ್ವಾರದ ಕಡೆ ಏರೂವಾಗ ಮೆಟ್ಟಲ ಮುಗಿಯಂಗಿಲ್ಲ ಅನಸತೈತಿ, ಟೊಂಕದ ಪಟ್ಟಿ ಬಿಗಿ ಮಾಡಿ, ಎರಡೂ ಕೈ ಖಾಲಿ ಇಟಗೊಂಡು ಹತ್ತಿದೆ. ಅರ್ಧಾ ದಾರ್ಯಾಗ ಒಬ್ಬ ಮುದುಕಿ ಕುಂತುಬಿಟ್ಟಿದ್ರು, ಅವರ ಗಂಟು ನಾ ಹೊತ್ತೆ, ಮ್ಯಾಲ ಮುಟ್ಟೂತನಕ. ಹೆಚ್ಚು ಅಂದ್ರ ಒಂದು ಕೆಜಿ ಇದ್ದೀತು, ಒಂದು ಸೀರಿ, ಒಂದು ತಂಬಗಿ.

ರೇಟು 650 ರೂಪಾಯಿ, ಕೌದಿ ಹೊಲಿಗಿಗೆ ಬ್ಯಾರೆ 150, ಬಟ್ಟಿ ನಿಮ್ಮದ. ಹೇಳಿದ ದಿನಕ್ಕಿಂತ ಎರಡು ದಿನ ತಡಾ ಮಾಡಿ ಕೊಟ್ರು, ಕೈ ಹೊಲಿಗಿ ಅಂದ್ರ ಹೊತ್ತು ಹಿಡಿತೈತಿ, ಯುಗಾದಿ ಹತ್ರ ಬಂದ್ರ ಇನ್ನೂ ತಡಾ ಆಗತೈತಿ, ಶಿವರಾತ್ರಿಗಿಂತ ಮೊದಲ ಹೋಗಿ ಕೊಡ್ರಿ. ಫೋನ್ ಪೇ ನಡಿಯಂಗಿಲ್ಲ, ರೊಕ್ಕ ಒಯ್ರಿ. ಐದರಾಗ ನಾಕೂವರಿ ಸ್ಟಾರ್, ಅರ್ಧ ಆ ಬಾಟಲಿ ಕಿಸೆ ಸಲುವಾಗಿ ಕಡಿಮಿ.

ಗದಗಿನ್ಯಾಗ ಇರೂ ನಮ್ಮ ತಂಗಿ ಮುಂದಿನ ಸಲ ಬರತೇನಿ ಅಂದಾಳ, ಅಕೀದೂ ಹೊಲ್ಯಾಕ ಹೇಳಿ ಬಂದೇನಿ, ಅಳತಿ ಇನ್ನೂ ಆಗಿಲ್ಲ, ಸಾಮಾನು ತಂದು ಸುರೀಬೇಕು ಅಂತ ಕುಂತಾರ ಅಜ್ಜಾರು.