ಬಾವುಟಗುಡ್ಡದ ಚಾಪೆಲ್: ಸಂತ ಅಲೋಶಿಯಸರ ಬದುಕನ್ನು ಕತ್ತೆತ್ತಿ ಓದುವ ಬಗೆ

ಮಂಗಳೂರಿನ ಬಾವುಟಗುಡ್ಡದ ಸಂತ ಅಲೋಶಿಯಸ್ ಚಾಪೆಲ್‌ಗೆ ಬರುವವರಲ್ಲಿ ಹೆಚ್ಚಿನವರು ಹತ್ತು ನಿಮಿಷದಲ್ಲಿ ಹೊರಗೆ ಬಂದುಬಿಡುತ್ತಾರೆ. ಬಾಗಿಲಲ್ಲಿ ನಿಂತು ಕತ್ತೆತ್ತುತ್ತಾರೆ, "ಅಬ್ಬಾ" ಅನ್ನುತ್ತಾರೆ, ಬಲಿಪೀಠದವರೆಗೆ ನಡೆದು ತಿರುಗುತ್ತಾರೆ. ಬಣ್ಣ ನೋಡಿದ ಹಾಗಾಯಿತು, ಸಂತರನ್ನು ನೋಡಿದ ಹಾಗಾಗಲಿಲ್ಲ. ಇಲ್ಲಿನ ಚಾವಣಿಯ ನಡುಸಾಲು 23 ವರ್ಷ ಬದುಕಿದ ಒಬ್ಬ ಯುವಕನ ಜೀವನಚರಿತ್ರೆ. ಅದನ್ನು ಓದಲು ಕಡಿಮೆಯೆಂದರೂ ಮುಕ್ಕಾಲು ಗಂಟೆ ಬೇಕು, ಒಳಗೆ ಕಾಲಿಡುವ ಮೊದಲು ಕತೆ ಗೊತ್ತಿರಬೇಕು.

ಚಾಪೆಲ್ ಇರುವ ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ, ಚಾಪೆಲ್ ಅದೇ ದಶಕದ ಕಟ್ಟಡ. ಆದರೆ ಚಿತ್ರಗಳು ಬಂದದ್ದು ಆ ಶತಮಾನ ಮುಗಿಯುವ ಹೊತ್ತಿಗೆ. ಚಿತ್ರಕಾರ ಆಂತೋನಿಯೊ ಮೊಸ್ಕೇನಿ ಇಟಲಿಯ ಬೆರ್ಗಮೊ ಪಕ್ಕದ ಸ್ತೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿತು, 1889ರಲ್ಲಿ ಯೇಸುಸಭೆಗೆ, ಅಂದರೆ ಜೆಸ್ವಿತ್ ಧರ್ಮಸಂಘಕ್ಕೆ ಸೇರಿ, ಗುರುದೀಕ್ಷೆ ಪಡೆಯದೆ ಬ್ರದರ್ ಆಗಿಯೇ ಉಳಿದರು. ಸುಮಾರು 829 ಚದರ ಮೀಟರ್, ಅಂದರೆ ಹತ್ತಿರಹತ್ತಿರ ಒಂಬತ್ತು ಸಾವಿರ ಚದರಡಿ ಜಾಗವನ್ನು ಅವರು ತುಂಬಿದ್ದಾರೆ. ಗೋಡೆಯಲ್ಲಿರುವುದು ಫ್ರೆಸ್ಕೊ, ಚಾವಣಿಯಲ್ಲಿರುವುದು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣ.

ಈ ಎರಡರ ವ್ಯತ್ಯಾಸ ತಿಳಿದು ನೋಡಿದರೆ ಕಣ್ಣು ಬೇರೆಯೇ ಆಗುತ್ತದೆ. ಫ್ರೆಸ್ಕೊ ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಬಳಿಯುವುದು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ದಿನದಲ್ಲಿ ಮುಗಿಸಬಲ್ಲಷ್ಟೇ ಗಾರೆ ಹಚ್ಚಬೇಕು. ಒಣಗಿದ ಮೇಲೆ ತಪ್ಪು ಕಂಡರೆ ಆ ಭಾಗವನ್ನು ಕೆತ್ತಿ ತೆಗೆದು ಹೊಸದಾಗಿ ಶುರು ಮಾಡಬೇಕು. ಸುಣ್ಣದ ಕ್ಷಾರ ತಡೆಯುವ ಬಣ್ಣಗಳನ್ನಷ್ಟೇ ಬಳಸಬಹುದು. ಎಣ್ಣೆಬಣ್ಣಕ್ಕೆ ಈ ಅವಸರ ಇಲ್ಲ, ಆದರೆ ಕ್ಯಾನ್ವಾಸು ಮಳೆಗಾಲದ ತೇವ ಕುಡಿದು ಸಡಿಲವಾಗುತ್ತದೆ, ಬೇಸಿಗೆಯಲ್ಲಿ ಬಿಗಿಯುತ್ತದೆ. ವರ್ಷವರ್ಷವೂ ಹೀಗಾದರೆ ಬಣ್ಣದ ಪದರ ಬಿರಿದು ಚಕ್ಕೆಯೇಳುತ್ತದೆ. ಮಾಡು ಎಲ್ಲಾದರೂ ಸೋರಿದರಂತೂ ಗೋಡೆಯೊಳಗಿನ ಉಪ್ಪು ನೀರಿನೊಡನೆ ಹೊರಬಂದು ಫ್ರೆಸ್ಕೊದ ಮೇಲೆ ಬಿಳಿ ಹುಡಿಯಾಗಿ ನಿಲ್ಲುತ್ತದೆ. ಕರಾವಳಿಯ ಮಳೆಯಲ್ಲಿ ನೂರಕ್ಕೂ ಹೆಚ್ಚು ವರ್ಷ ಈ ಚಿತ್ರಗಳು ಉಳಿದಿರುವುದು ಸಣ್ಣ ಮಾತಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಇವನ್ನು ಶುಚಿಗೊಳಿಸಿ ಸರಿಪಡಿಸಿದರು.

ಈಗ ಕತೆ. ಅಲೋಶಿಯಸ್ ಗೊನ್ಝಾಗಾ ಹುಟ್ಟಿದ್ದು 1568ರ ಮಾರ್ಚ್ 9ರಂದು, ಉತ್ತರ ಇಟಲಿಯ ಕಾಸ್ತಿಲ್ಯೋನೆಯಲ್ಲಿ, ಅಲ್ಲಿನ ಪಾಳೆಯದ ಒಡೆಯ ಫೆರಾಂತೆಯ ಹಿರಿಮಗನಾಗಿ. ತಂದೆಗೆ ಮಗ ಸೇನಾಪತಿಯಾಗಬೇಕೆಂಬ ಆಸೆ. ಮಗನೋ ಒಂಬತ್ತರ ಆಸುಪಾಸಿನಲ್ಲೇ ಫ್ಲಾರೆನ್ಸಿನಲ್ಲಿ ಬ್ರಹ್ಮಚರ್ಯದ ವ್ರತ ತೊಟ್ಟ. 1580ರ ಜುಲೈ 22ರಂದು, 12ನೇ ವಯಸ್ಸಿನಲ್ಲಿ, ಕಾರ್ಡಿನಲ್ ಚಾರ್ಲ್ಸ್ ಬೊರೊಮಿಯೊ ಅವರ ಕೈಯಿಂದ ಪ್ರಥಮ ಪರಮಪ್ರಸಾದ (ಬಲಿಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಸಲ ಪಡೆಯುವುದು) ಸ್ವೀಕರಿಸಿದ. ಚಾವಣಿಯಲ್ಲಿ ಮೊದಲು ಹುಡುಕಬೇಕಾದ ಚಿತ್ರ ಇದು. ಇಬ್ಬರೂ ಮುಂದೆ ಸಂತರಾದವರು, ಒಬ್ಬರು ಕೊಡುತ್ತಿದ್ದಾರೆ, ಇನ್ನೊಬ್ಬರು ಪಡೆಯುತ್ತಿದ್ದಾರೆ. ಮೂತ್ರಪಿಂಡದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ ಆ ಬಾಲಕ ಓದಿದ ಪುಸ್ತಕಗಳಲ್ಲಿ ಭಾರತದ ಯೇಸುಸಭೆಯ ಮಿಷನರಿಗಳ ಕುರಿತದ್ದೂ ಇತ್ತು. ಆ ಓದೂ ಅವನನ್ನು ಸಭೆಯ ಕಡೆ ಎಳೆಯಿತು. ಅದೇ ಸಭೆ ಮೂರು ಶತಮಾನದ ನಂತರ ಅವನ ಚಿತ್ರವನ್ನು ಭಾರತದ ಒಂದು ಗುಡ್ಡದ ಮೇಲೆ ಬರೆಸಿತು.

ಸಿರಿತನ ಬಿಡುವುದು ಬಾಯಿಮಾತಿನ ಕೆಲಸ ಆಗಿರಲಿಲ್ಲ. ಕಾಸ್ತಿಲ್ಯೋನೆ ಪವಿತ್ರ ರೋಮನ್ ಚಕ್ರವರ್ತಿಯ ಅಧೀನದ ಪಾಳೆಯವಾದ್ದರಿಂದ ಒಡೆತನದ ಹಕ್ಕು ಬಿಡಲು ಚಕ್ರವರ್ತಿಯ ಒಪ್ಪಿಗೆ ಬೇಕಿತ್ತು. ತಂದೆಯ ವಿರೋಧ ವರ್ಷಗಟ್ಟಲೆ ನಡೆಯಿತು. ಕೊನೆಗೆ 1585ರ ನವೆಂಬರಿನಲ್ಲಿ ತಮ್ಮ ರೊದೊಲ್ಫೊಗೆ ಎಲ್ಲವನ್ನೂ ಬರೆದುಕೊಟ್ಟು, ಅದೇ ತಿಂಗಳು ರೋಮಿನಲ್ಲಿ ಯೇಸುಸಭೆಗೆ ನವದೀಕ್ಷಿತನಾಗಿ, ಅಂದರೆ ತರಬೇತಿಯ ಹಂತದವನಾಗಿ ಸೇರಿದ. ಅಲೋಶಿಯಸರ ಚಿತ್ರಗಳಲ್ಲಿ ಕಾಲ ಬಳಿ ಕಿರೀಟ ಬಿದ್ದಿರುವುದು ಇದಕ್ಕೇ. ಲಿಲ್ಲಿ ಹೂ ಶುದ್ಧತೆಗೆ, ತಲೆಬುರುಡೆ ಮರಣದ ನೆನಪಿಗೆ.

ಮಕ್ಕಳಿಗೆ ಧರ್ಮೋಪದೇಶ ಹೇಳುವವರು ತಪ್ಪುವುದು ಇಲ್ಲಿಯೇ. ಲಿಲ್ಲಿ ಹಿಡಿದ ಬಿಳಿಚು ಮುಖದ ಹುಡುಗನನ್ನು ತೋರಿಸಿ, ಉಪವಾಸ, ಕಠಿಣ ತಪಸ್ಸು ಎಂದು ಹೇಳಿ ಮುಗಿಸಿಬಿಡುತ್ತಾರೆ. ಸಭೆಗೆ ಸೇರಿದ ಮೇಲೆ ಹಿರಿಯರು ಆ ತಪಸ್ಸನ್ನು ಕಡಿಮೆ ಮಾಡು, ಸರಿಯಾಗಿ ಊಟ ಮಾಡು, ಇತರರೊಡನೆ ಬೆರೆ ಎಂದಾಗ ಅವನು ಒಪ್ಪಿಕೊಂಡ. ಅವನಂಥ ಛಲದವನಿಗೆ ಉಪವಾಸಕ್ಕಿಂತ ಈ ವಿಧೇಯತೆಯೇ ಹೆಚ್ಚು ಕಷ್ಟದ್ದು.

ಇನ್ನು ಪ್ಲೇಗಿನ ಚಿತ್ರ. ಬೇರೆಲ್ಲ ಬಿಟ್ಟರೂ ಇದರ ಕೆಳಗೆ ಹತ್ತು ನಿಮಿಷ ಕೂರಬೇಕು. 1591ರಲ್ಲಿ ರೋಮಿನಲ್ಲಿ ಪಿಡುಗು ಹಬ್ಬಿದಾಗ ಅಲೋಶಿಯಸ್ ಮೊದಲು ರೋಗಿಗಳಿಗಾಗಿ ಬೀದಿಯಲ್ಲಿ ಭಿಕ್ಷೆ ಎತ್ತಿದರು. ಆಮೇಲೆ ಬೀದಿಯಲ್ಲಿ ಬಿದ್ದವರನ್ನು ಹೊತ್ತು ಆಸ್ಪತ್ರೆಗೆ ತಂದು, ಮೈ ತೊಳೆದು, ಉಣ್ಣಿಸಿದರು. ಆ ವಾಸನೆ, ಆ ಹುಣ್ಣು ಅವರಿಗೆ ಸಹಿಸಲಾಗದ ಹೇಸಿಗೆ ತರುತ್ತಿತ್ತು, ಆದರೂ ಕೆಲಸ ಬಿಡಲಿಲ್ಲ. ಜೊತೆಗಿದ್ದ ಕಿರಿಯರಿಗೆ ರೋಗ ತಗಲಿದಾಗ ಹಿರಿಯರು ಹೋಗಬೇಡ ಎಂದರು. ಮತ್ತೆ ಕೇಳಿಕೊಂಡಾಗ, ಅಂಟುರೋಗಿಗಳಿಲ್ಲದ ಬೇರೊಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಅವರು ಹಾಸಿಗೆಯಿಂದ ಎತ್ತಿ ಆರೈಕೆ ಮಾಡಿದ ಒಬ್ಬನಿಗೆ ಪ್ಲೇಗ್ ಇತ್ತು. ಮಾರ್ಚಿನಲ್ಲಿ ಮಲಗಿದವರು ಒಮ್ಮೆ ಚೇತರಿಸಿದಂತೆ ಕಂಡರೂ ಜ್ವರ ಬಿಡಲಿಲ್ಲ. ಜೂನ್ 21ರಂದು ತೀರಿಕೊಂಡರು. 1726ರಲ್ಲಿ ಸಂತ ಪದವಿ, 1729ರಲ್ಲಿ ಯುವಜನರ ಪಾಲಕ ಸಂತ ಎಂಬ ಗೌರವ.

ಚಿತ್ರದ ಬಗ್ಗೆ ಒಂದು ಆಕ್ಷೇಪ ಇದೆ. ಮೊಸ್ಕೇನಿ ಇಟಲಿಯ ಅಕಾಡೆಮಿಯಲ್ಲಿ ಪಳಗಿದ ಕೈ. ಅವರ ಮೈಕಟ್ಟುಗಳಲ್ಲಿ ಒಂದು ಅಚ್ಚುಕಟ್ಟು ಇರುತ್ತದೆ. ಪ್ಲೇಗಿನ ದುರ್ವಾಸನೆಯನ್ನು ನೋಡುವವರೇ ಊಹಿಸಿಕೊಳ್ಳಬೇಕು. ಮಕ್ಕಳನ್ನು ಕರೆತರುವವರು ಆ ಹೇಸಿಗೆಯ ಮಾತನ್ನು ಹೊರಗೆ ಜಗಲಿಯಲ್ಲೇ ಹೇಳಿ ಒಳಗೆ ತರಲಿ. ಒಳಗೆ ಪಾಠ ಮಾಡುವ ಹಾಗಿಲ್ಲ, ಅದು ಪ್ರಾರ್ಥನೆಯ ಸ್ಥಳ.

ನೋಡುವ ಕ್ರಮ ಹೀಗಿದ್ದರೆ ಒಳ್ಳೆಯದು. ಹಂಪನಕಟ್ಟೆಯಿಂದ ನಡೆದೇ ಬರಬಹುದು, ಆದರೆ ಏರುದಾರಿ. ಐದು ನಿಮಿಷ ಹೊರಗೆ ನಿಂತು ಉಸಿರು ಸುಧಾರಿಸಿಕೊಳ್ಳಿ. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗಿನ ಗಾಢ ಬಣ್ಣ ಕೂಡಲೇ ತೆರೆದುಕೊಳ್ಳುವುದಿಲ್ಲ. ಮೊದಲು ಗೋಡೆ, ಆಮೇಲೆ ಇಳಿಜಾರು ಚಾವಣಿಯಲ್ಲಿರುವ ಪ್ರೇಷಿತರು (ಯೇಸುವಿನ ಶಿಷ್ಯರು), ಕೊನೆಗೆ ನಡುಸಾಲು. ನಿಂತು ನೋಡಿದರೆ ಎರಡೇ ನಿಮಿಷಕ್ಕೆ ಕತ್ತು ಹಿಡಿಯುತ್ತದೆ. ಬೆಂಚಿನಲ್ಲಿ ಸ್ವಲ್ಪ ಮುಂದೆ ಸರಿದು ಬೆನ್ನು ಒರಗಿಸಿ ಕೂರಿ. ವಯಸ್ಸಾದವರು ಅಂಗೈಯಗಲದ ಕನ್ನಡಿ ತಂದು ಮಡಿಲಲ್ಲಿಟ್ಟು ನೋಡಬಹುದು. ಚಿತ್ರ ಎಡಬಲ ತಿರುಗಿ ಕಂಡರೂ ಕತ್ತಿಗೆ ನೆಮ್ಮದಿ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಅದು ಸರಿಯೇ. ಬಲಿಪೂಜೆ, ಮದುವೆ ಇರುವ ಹೊತ್ತಿನಲ್ಲಿ ಸಂದರ್ಶಕರಾಗಿ ಹೋಗುವುದು ತರವಲ್ಲ. ದೂರದಿಂದ ಬರುವವರು ಮೊದಲೇ ವಿಚಾರಿಸಿಕೊಂಡು ಹೊರಡಲಿ.

ಮೊಸ್ಕೇನಿ ಮುಂದೆ ಮುಂಬಯಿಯ ಹೋಲಿ ನೇಮ್ ಕೆಥೆಡ್ರಲಿನಲ್ಲೂ ಕೊಚ್ಚಿಯ ಸಾಂತಾಕ್ರೂಸಿನಲ್ಲೂ ಚಿತ್ರ ಬರೆದರು. 1905ರ ನವೆಂಬರಿನಲ್ಲಿ, ಕೊಚ್ಚಿಯ ಆ ಇಗರ್ಜಿಯ ಪ್ರತಿಷ್ಠೆಗೆ ಕೆಲವೇ ದಿನ ಇರುವಾಗ ಅಲ್ಲೇ ತೀರಿಕೊಂಡರು. ಅವರಿಗೆ ಆಗ 51 ವರ್ಷ. ಮಂಗಳೂರಿನಲ್ಲಿ ಅಲೋಶಿಯಸರ ಹಬ್ಬ ಬರುವುದು ಮಳೆ ಹಿಡಿದ ಮೇಲೆ, ಜೂನ್ 21ಕ್ಕೆ. ಆ ದಿನ ಹೋಗುವವರು ಒದ್ದೆ ಕೊಡೆಯನ್ನು ಹೊರಗೇ ಬಿಟ್ಟು ಒಳಗೆ ಹೋಗಲಿ. ತೇವ ಎಷ್ಟು ಕಡಿಮೆಯೋ ಚಿತ್ರಗಳಿಗೆ ಅಷ್ಟು ಒಳ್ಳೆಯದು.