ಇಮಾಟಿನಿಬ್ 400 ಮಿ.ಗ್ರಾಂ. ಜೆನೆರಿಕ್ ಮಾತ್ರೆ: ನುಂಗುತ್ತಿರುವವಳ ಮಾತು

ರಕ್ತದ ಕ್ಯಾನ್ಸರ್‌ಗಳಲ್ಲಿ ಸಿಎಂಎಲ್ ಅಂತ ಒಂದಿದೆ. ಮೂಳೆಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಹತೋಟಿ ತಪ್ಪಿ ಹುಟ್ಟುತ್ತಾ ಹೋಗುತ್ತವೆ. ನನಗಿರುವುದು ಅದೇ. ದಿನಕ್ಕೊಂದು ಇಮಾಟಿನಿಬ್ ನುಂಗಿ, ಹೊಲಿಗೆ ಮೆಷಿನ್ ಮುಂದೆ ಕೂತು ಮೊದಲಿನ ಹಾಗೇ ಬ್ಲೌಸ್ ಹೊಲಿಯುತ್ತಿದ್ದೇನೆ. ಈಗಷ್ಟೇ ಈ ಮಾತ್ರೆಯ ಚೀಟಿ ಹಿಡಿದು ಹೆದರಿ ಕೂತವರು ಇದನ್ನು ಓದಲಿ ಅಂತ ನನ್ನಾಸೆ.

ಈ ಕಾಯಿಲೆಯಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್ ಹುಟ್ಟುತ್ತದೆ. ಕಣಗಳು ಹೀಗೆ ಬೆಳೆಯಲು ಅದೇ ಕಾರಣ. ಮಾತ್ರೆ ಹೋಗಿ ಅದರ ಕೆಲಸವನ್ನೇ ತಡೆಯುತ್ತದೆ. ಅಮೆರಿಕದ ಓರೆಗಾನ್‌ನಲ್ಲಿ ಡಾ. ಬ್ರಯಾನ್ ಡ್ರೂಕರ್ ಇದರ ಬೆನ್ನು ಬಿಡದೆ, 1998ರಲ್ಲಿ ರೋಗಿಗಳಿಗೆ ಕೊಟ್ಟು ನೋಡಲು ಶುರುಮಾಡಿದರು. ಹಳೆಯ ಔಷಧಿಗೆ ಬಗ್ಗದ ಕಾಯಿಲೆಯವರಲ್ಲಿ, ದಿನಕ್ಕೆ 300 ಮಿ.ಗ್ರಾಂ. ಅಥವಾ ಹೆಚ್ಚು ತೆಗೆದುಕೊಂಡ 54 ಜನರ ಪೈಕಿ 53 ಮಂದಿಯ ರಕ್ತದ ಎಣಿಕೆ ಸರಿಹೋಯಿತು. 2001ರಲ್ಲಿ ಅಲ್ಲಿ ಮಂಜೂರಾತಿ ಸಿಕ್ಕಿತು. ದೇವರಿಗೆ ದೀಪ ಹಚ್ಚುವಾಗ ಆ ಡಾಕ್ಟರ ಹೆಸರನ್ನೂ ನೆನೆಯುತ್ತೇನೆ.

ಮೂಲ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. ಅದರ ಪೇಟೆಂಟ್, ಅಂದರೆ ತಾವೊಬ್ಬರೇ ಮಾಡಿ ಮಾರುವ ಹಕ್ಕು, ಕೇಳಿದ್ದ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿತು. ನನ್ನಂಥವರ ಕೈಗೆ ಜೆನೆರಿಕ್, ಅಂದರೆ ಅದೇ ಔಷಧಿಯಿಂದ ಬೇರೆ ಕಂಪನಿಗಳು ಮಾಡುವ ಅಗ್ಗದ ಮಾತ್ರೆ, ಎಟುಕುತ್ತಿರುವುದು ಅದರಿಂದಲೇ.

ಇನ್ನು ನುಂಗುವ ವಿಷಯ. ಊಟ ಆದಮೇಲೆಯೇ, ದೊಡ್ಡ ಲೋಟದ ತುಂಬ ನೀರಿನ ಜೊತೆ. ಖಾಲಿ ಹೊಟ್ಟೆಗೆ ಹೋದರೆ ಹೊಟ್ಟೆ ತೊಳೆಸುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿಕೊಂಡಿರುತ್ತದೆ. ಒಂಬತ್ತು ಗಂಟೆಯವರೆಗೆ ಸೂಜಿಗೆ ದಾರ ಪೋಣಿಸಲು ಮಗಳನ್ನೇ ಕೂಗಬೇಕು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮೆಷಿನ್ ತುಳಿಯುವ ಕಾಲು, ನೋವು ಚೆನ್ನಾಗಿಯೇ ಗೊತ್ತಾಗುತ್ತದೆ. ಮೈಬಣ್ಣ ತಿಳಿಯಾಗಿದೆ, 'ಏನು ಹಚ್ಚುತ್ತೀಯಕ್ಕ?' ಅಂತ ಗಿರಾಕಿಗಳು ಕೇಳುತ್ತಾರೆ. ಇವೆಲ್ಲ ತಡೆದುಕೊಳ್ಳುವಂಥವು. ಆದರೆ ಮಕ್ಕಳಾಗಬೇಕೆಂದಿರುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಲೇಬೇಕು. ಹೊಟ್ಟೆಯಲ್ಲಿರುವ ಮಗುವಿಗೆ ಇದು ಒಳ್ಳೆಯದಲ್ಲ.

ನನ್ನ ದೂರು ಮಾತ್ರೆಯ ಮೇಲಲ್ಲ. ನಾನು ಹೋಗುತ್ತಿದ್ದ ಒಂದು ಮೆಡಿಕಲ್ ಶಾಪಿನವರು ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ, ಬ್ಯಾಚ್ ನಂಬರು, ಕೊನೆ ತಾರೀಖು ಇರುವ ತುದಿಯನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಒಂದು ಸಲ ಕಂಪನಿಯನ್ನೇ ಬದಲಿಸಿ, ಕೇಳಿದಾಗ 'ಎಲ್ಲಾ ಒಂದೇ ಅಮ್ಮ' ಅಂದರು. ಒಂದೇ ಇರಬಹುದು, ಆದರೆ ಹೇಳಿ ಕೊಡಬೇಕಲ್ಲವೇ? ಈಗ ಪೂರ್ತಿ ಸ್ಟ್ರಿಪ್ ಕೊಟ್ಟು, ಬಿಲ್ಲಿನಲ್ಲಿ ಬ್ಯಾಚ್ ನಂಬರು ಬರೆಯುವ ಅಂಗಡಿಯಲ್ಲೇ ತರುತ್ತೇನೆ. ನೀವೂ ಹಟ ಹಿಡಿದು ಕೇಳಿ.

ಎಣಿಕೆ ಸರಿಹೋಯಿತು ಅಂತ ಮಾತ್ರೆ ಬಿಡಬೇಡಿ. ಕಾಯಿಲೆ ಎಷ್ಟು ಉಳಿದಿದೆ ಅನ್ನುವುದು ಬಿಸಿಆರ್-ಎಬಿಎಲ್ ಪರೀಕ್ಷೆಯಲ್ಲೇ ತಿಳಿಯುವುದು. ಅದು 0.1 ಶೇಕಡಾಕ್ಕೆ ಇಳಿದ ರಿಪೋರ್ಟ್ ಕೈಗೆ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದೆವು. ಮೊದಮೊದಲು ಮೂರು ತಿಂಗಳಿಗೊಮ್ಮೆ ಮಾಡಿಸಬೇಕು, ಮತ್ತು ನನ್ನ ಕೈಯಿಂದ ಒಂದೇ ಸಲಕ್ಕೆ ಹೆಚ್ಚು ದುಡ್ಡು ಬಿಡಿಸುವುದು ಮಾತ್ರೆಯಲ್ಲ, ಈ ಪರೀಕ್ಷೆ. ಇದರ ದರ ಇಳಿಸಲು ಸರ್ಕಾರ ಮನಸ್ಸು ಮಾಡಬೇಕು.