ಅಮ್ಮನ ಎಫ್‌ಡಿಯಲ್ಲಿ ನಿಮ್ಮ ಹೆಸರೂ ಇದೆಯಾ?

ಅಮೆರಿಕದಲ್ಲಿರುವವರು, ಊರಿನ ಬ್ಯಾಂಕಿನಲ್ಲಿ ಖಾತೆ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ನಾನು ಏಳು ವರ್ಷ ತಡವಾಗಿ ತಿಳಿದುಕೊಂಡೆ.

2015ರಲ್ಲಿ ಕೆಲಸಕ್ಕೆಂದು ನ್ಯೂಜೆರ್ಸಿಗೆ ಬಂದೆ. ಬೆಂಗಳೂರಿನ ಸಂಬಳದ ಖಾತೆ, ಅದರ ಜೊತೆಗಿದ್ದ ಎಫ್‌ಡಿ ಎರಡನ್ನೂ ಹಾಗೇ ಬಿಟ್ಟು ಬಂದಿದ್ದೆ. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡರು. ಹಾಸನದಲ್ಲಿ ಅಮ್ಮ ಒಬ್ಬರೇ ಉಳಿದರು. "ನಾಳೆ ನನಗೇನಾದ್ರೂ ಆದ್ರೆ ನೀನು ಬ್ಯಾಂಕಿಗೆ ಅಲೆಯೋದು ಬೇಡ ಪುಟ್ಟಿ" ಅಂತ ಅಪ್ಪನ ಪಿಎಫ್ ದುಡ್ಡಿನ ಎಫ್‌ಡಿಗೆ ನನ್ನ ಹೆಸರನ್ನೂ ಸೇರಿಸಿದರು. ಯಾವ ಮನೆಯಲ್ಲಿ ಹೀಗೆ ಮಾಡಲ್ಲ ಹೇಳಿ?

2022ರಲ್ಲಿ ಸಹೋದ್ಯೋಗಿಯೊಬ್ಬರು ಮಾತಿನ ನಡುವೆ ಎಫ್‌ಬಾರ್ ಅಂದರು. ಅಲ್ಲಿಯವರೆಗೆ ಆ ಹೆಸರನ್ನೇ ನಾನು ಕೇಳಿರಲಿಲ್ಲ. ಅಮೆರಿಕದ ಹೊರಗಿರುವ ನಿಮ್ಮ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಈ ಫಾರ್ಮ್ ತುಂಬಬೇಕು. ಇದು ತೆರಿಗೆಯಲ್ಲ, ಬರೀ ಮಾಹಿತಿ. ದುಡ್ಡು ಅಮ್ಮನದ್ದೇ ಆಗಿರಲಿ, ಖಾತೆಯಲ್ಲಿ ನಿಮ್ಮ ಹೆಸರಿದ್ದರೆ ಲೆಕ್ಕಕ್ಕೆ ಬಂತು.

ಪ್ರತಿ ವರ್ಷ ನನ್ನ ತೆರಿಗೆ ತುಂಬಿಕೊಡುತ್ತಿದ್ದವರು ಇದನ್ನು ಕೇಳಿರಲೇ ಇಲ್ಲ. ಆದರೆ ತೆರಿಗೆ ಲೆಕ್ಕದಲ್ಲಿ ಬಡ್ಡಿ ಆದಾಯ ತೋರಿಸುವ ಶೆಡ್ಯೂಲ್ ಬಿ ಹಾಳೆಯ ಕೊನೆಯಲ್ಲಿ "ವಿದೇಶದಲ್ಲಿ ಖಾತೆ ಇದೆಯೇ" ಎಂಬ ಪ್ರಶ್ನೆ ಇದೆ. ಅಲ್ಲಿ ಇಲ್ಲ ಎಂದು ಗುರುತು ಬಿದ್ದಿತ್ತು, ಆ ತೆರಿಗೆ ಲೆಕ್ಕಕ್ಕೆ ನನ್ನ ಸಹಿ ಇತ್ತು. ಅದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇಕೆಂದೇ ಮಾಡಿದ ತಪ್ಪಲ್ಲದಿದ್ದರೂ 10,000 ಡಾಲರಿಗಿಂತ ಜಾಸ್ತಿ ದಂಡ ಬೀಳಬಹುದು. ಆಗ ಅದನ್ನು ಒಂದೊಂದು ಖಾತೆಗೂ ಹಾಕುವ ಭಯವಿತ್ತು. ಖಾತೆಗೊಂದಲ್ಲ, ವರ್ಷದ ವರದಿಗೊಂದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 2023ರ ಫೆಬ್ರವರಿಯಲ್ಲಿ.

ಕೊನೆಗೆ, ತಿಳಿಯದೆ ತಪ್ಪು ಮಾಡಿದವರು ತಾವಾಗಿಯೇ ಸರಿಪಡಿಸಿಕೊಳ್ಳಲು ಅಮೆರಿಕದ ತೆರಿಗೆ ಇಲಾಖೆ ಕೊಟ್ಟಿರುವ ಸ್ಟ್ರೀಮ್‌ಲೈನ್ಡ್ ಎಂಬ ದಾರಿ ಹಿಡಿದೆ. ಮೂರು ವರ್ಷದ ತೆರಿಗೆ ಲೆಕ್ಕ ತಿದ್ದಿದೆ, ಆರು ವರ್ಷದ ಎಫ್‌ಬಾರ್ ತುಂಬಿದೆ, ತಿಳಿಯದೆ ಆದ ತಪ್ಪು ಎಂದು ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಊರಿನ ಬಡ್ಡಿ ಆದಾಯಕ್ಕೆ ಬಾಕಿ ಇದ್ದ ತೆರಿಗೆ, ಅದಕ್ಕೆ ಬಡ್ಡಿ, ಜೊತೆಗೆ ವರ್ಷದ ಕೊನೆಗೆ ಖಾತೆಗಳಲ್ಲಿ ಅತಿ ಜಾಸ್ತಿ ಇದ್ದ ಒಟ್ಟು ಮೊತ್ತದ 5% ದಂಡ ಕಟ್ಟಿದೆ. ಈ ದಾರಿ ತೆರಿಗೆ ಇಲಾಖೆ ವಿಚಾರಣೆ ಶುರು ಮಾಡುವ ಮೊದಲು ಮಾತ್ರ. ಹಳೆಯದನ್ನು ಮುಚ್ಚಿಟ್ಟು ಈ ವರ್ಷದಿಂದ ಸುಮ್ನೆ ತುಂಬಿದರಾಯ್ತು ಎಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಬೇಡಿ. ಭಾರತ ಮತ್ತು ಅಮೆರಿಕದ ನಡುವಿನ 2015ರ ಒಪ್ಪಂದದ ಪ್ರಕಾರ ಇಂಥ ಖಾತೆಗಳ ಮಾಹಿತಿ ಭಾರತದ ಬ್ಯಾಂಕುಗಳಿಂದ ಭಾರತ ಸರ್ಕಾರದ ಮೂಲಕ ಅಮೆರಿಕದ ತೆರಿಗೆ ಇಲಾಖೆಗೆ ಹೋಗುತ್ತದೆ.

ಊರಿನ ಕಡೆಯ ತಪ್ಪೂ ಇತ್ತು. ವಿದೇಶದಲ್ಲಿ ನೆಲೆಸಿದ ಮೇಲೆ ಮಾಮೂಲಿ ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ, ಅದನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳು ಊರಿನ ಆದಾಯ ಇಡುವ ಖಾತೆ ಮಾಡಿಸಬೇಕು. ಅದರ ಬಡ್ಡಿಗೆ 30% ಮತ್ತು ಸೆಸ್ ಮೊದಲೇ ಹಿಡಿಯುತ್ತಾರೆ. ಇನ್ನು ವಿದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ ಎನ್ನುವುದು ಭಾರತದ ಮಟ್ಟಿಗೆ ಮಾತ್ರ. ಅಮೆರಿಕದ ಲೆಕ್ಕದಲ್ಲಿ ಅದೂ ಆದಾಯವೇ. ನನ್ನ ಗೆಳತಿಯರಲ್ಲೇ ಮೂವರಿಗೆ ಇದು ಗೊತ್ತಿರಲಿಲ್ಲ.

ವಿಷಯ ತಿಳಿದಾಗ ಅಮ್ಮ, "ನನ್ನಿಂದ ನಿನಗೆ ತೊಂದ್ರೆ ಆಯ್ತಾ?" ಎಂದು ಅತ್ತುಬಿಟ್ಟರು. ಹೆಸರು ತೆಗೆಸಬೇಡಿ ಎಂದೆ. ಈಗ ಪ್ರತಿ ಜನವರಿಯಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿ, ವರ್ಷದಲ್ಲಿ ಅತಿ ಜಾಸ್ತಿ ಇದ್ದ ಮೊತ್ತದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅವರೇ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ. ಏಪ್ರಿಲ್ 15ರೊಳಗೆ ನಾನು ಫಾರ್ಮ್ ತುಂಬುತ್ತೇನೆ.